ಕಪ್ ನಮ್ದೇ, ಗೇಟು ಯಾರದ್ದು?

"ಅಲ್ಲಿಗ್ ಹೋಯ್ಕಂದ್ ಯಾರ್ ಹೇಳದ್? ಮನೆಯಗೆ ಕೂಕಂಡ್ ಟಿವಿ ಕಂಡ್ರೆ ಸಾಕಿತ್ತಿಲ್ಯಾ?"

2025ರ ಜೂನ್ 4ರ ನಂತರ ಹೆಮ್ಮಾಡಿ ಪೇಟೆಯ ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಗೆದ್ದಾಗ ಪಟಾಕಿ ಹೊಡೆದವರೇ ಮರುದಿನ ಸಂಜೆ ಹೀಗೆ ಹೇಳುತ್ತಿದ್ದರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತವಾಗಿ 11 ಮಂದಿ ತೀರಿಹೋಗಿದ್ದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಶಾಲೆಗೆ ಹೋಗುವ ಪ್ರಾಯದ ಹುಡುಗಿಯೂ ಅವರಲ್ಲಿದ್ದಳು.

ಆ ಪ್ರಶ್ನೆಯೇ ಸರಿ ಇಲ್ಲ ಎನ್ನುವುದು ನನ್ನ ವಾದ. ಅಭಿಮಾನಿ ಯಾಕೆ ಹೋದ ಎಂದು ಕೇಳುವ ಮೊದಲು, ಅವನನ್ನು ಕರೆದವರು ಅವನಿಗಾಗಿ ಏನು ತಯಾರಿ ಮಾಡಿಕೊಂಡಿದ್ದರು ಎಂದು ಕೇಳಬೇಕು.

ಹದಿನೆಂಟು ವರ್ಷ ಕಾದವರು

ಯಾಕೆ ಹೋದರು ಎನ್ನುವುದಕ್ಕೆ ಉತ್ತರ ಏನೂ ಕಷ್ಟದ್ದಲ್ಲ. 2008ರ ಏಪ್ರಿಲ್ 18ರಂದು ಐಪಿಎಲ್ ಶುರುವಾದದ್ದೇ ಚಿನ್ನಸ್ವಾಮಿಯಲ್ಲಿ. ಆ ರಾತ್ರಿ ಕೋಲ್ಕತಾದ ಬ್ರೆಂಡನ್ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮವರು ಎಲ್ಲ ಸೇರಿ 82ಕ್ಕೆ ಔಟ್. ಮೊದಲ ದಿನವೇ 140 ರನ್‌ಗಳ ಸೋಲು. ಬುದ್ಧಿ ಇದ್ದವರು ಅಲ್ಲಿಗೇ ಬಿಟ್ಟುಬಿಡಬಹುದಿತ್ತು.

ಬಿಡಲಿಲ್ಲ. 2009ರ ಫೈನಲ್ 6 ರನ್‌ಗಳಿಂದ ಹೋಯಿತು. 2011ರದ್ದು ಚೆನ್ನೈಯಲ್ಲಿ ಹೋಯಿತು. 2016ರಲ್ಲಿ ಫೈನಲ್ ನಮ್ಮದೇ ಮೈದಾನದಲ್ಲಿ, ಕೊಹ್ಲಿ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದ ವರ್ಷ. ಅದೂ 8 ರನ್‌ಗಳಿಂದ ಕೈತಪ್ಪಿತು. ಮರುವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್. ನಡುವೆ 2013ರಲ್ಲಿ ಗೇಲ್ 66 ಎಸೆತದಲ್ಲಿ 175 ಬಾರಿಸಿದ ದಿನವೂ ಇತ್ತು. ಅಂಥ ಒಂದು ದಿನ ಸಿಕ್ಕರೆ ಅಭಿಮಾನಿ ಐದು ವರ್ಷ ತಳ್ಳುತ್ತಾನೆ.

"ಈ ಸಲ ಕಪ್ ನಮ್ದೇ" ಎನ್ನುವುದು ಊರೂರಲ್ಲಿ ತಮಾಷೆಯ ಮಾತಾಯಿತು. ಮದುವೆ ಊಟದ ಪಂಕ್ತಿಯಲ್ಲೂ ಕಾಲೆಳೆಯಲು ಅದೇ. 2024ರ ಮಾರ್ಚ್‌ನಲ್ಲಿ ಸ್ಮೃತಿ ಮಂಧಾನಾ ಅವರ ತಂಡ ಮಹಿಳಾ ಲೀಗ್ ಗೆದ್ದು ಮೊದಲು ಆ ಬಾಯಿಗಳನ್ನು ಮುಚ್ಚಿಸಿತು. 2025ರ ಜೂನ್ 3ರಂದು ರಜತ್ ಪಾಟೀದಾರ್ ನಾಯಕತ್ವದಲ್ಲಿ ಪುರುಷರ ತಂಡ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿತು. 18ನೇ ಸೀಸನ್, 18ನೇ ನಂಬರಿನ ಜೆರ್ಸಿ ತೊಟ್ಟ ಕೊಹ್ಲಿಯ ಕಣ್ಣಲ್ಲಿ ನೀರು. ಮರುದಿನ ತಂಡ ಕಪ್ ಹಿಡಿದುಕೊಂಡು ಮನೆಗೆ ಬರುತ್ತದೆ ಎಂದರೆ ಅಭಿಮಾನಿ ಹೋಗದೆ ಇರುತ್ತಾನಾ?

ಇದು ನಮ್ಮವರಿಗೆ ಮಾತ್ರ ಬಂದ ಮರುಳೂ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಅಲ್ಲಿನ ಬೋಸ್ಟನ್ ತಂಡದವರು 1918ರ ನಂತರ ಮುಂದಿನ ಕಪ್ ಕಂಡದ್ದು 2004ರಲ್ಲಿ. ಶಿಕಾಗೋದ ಕಬ್ಸ್ ತಂಡದವರು 108 ವರ್ಷ ಕಾದರು. ಅಜ್ಜ ಕಾದು ತೀರಿಕೊಂಡು, ಮೊಮ್ಮಗ ಗೆಲುವು ನೋಡಿದ ಮನೆಗಳು ಅಲ್ಲಿವೆ. ಅವರ ಲೆಕ್ಕದಲ್ಲಿ ನಮ್ಮ ಹದಿನೆಂಟು ವರ್ಷ ಏನೂ ಅಲ್ಲ.

ನೋಡದ ಮೈದಾನದ ಮೇಲಿನ ಪ್ರೀತಿ

ನನ್ನ ದೊಡ್ಡಪ್ಪ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಒಂದು ದಿನವೂ ಒಳಹೊಕ್ಕು ನೋಡಿದವರಲ್ಲ. ಆದರೂ ಅದನ್ನು "ನಮ್ ಗ್ರೌಂಡ್" ಎಂದೇ ಹೇಳುತ್ತಾರೆ. ಅವರ ಅಭಿಮಾನ ರೇಡಿಯೋ ಕಾಲದ್ದು. 1973-74ರ ರಣಜಿಯಲ್ಲಿ ಪ್ರಸನ್ನ ಅವರ ಕರ್ನಾಟಕ ತಂಡ ಸೆಮಿಫೈನಲಿನಲ್ಲಿ ಮುಂಬಯಿಯ 15 ವರ್ಷಗಳ ಓಟ ನಿಲ್ಲಿಸಿದ್ದು ಅದೇ ಮೈದಾನದಲ್ಲಿ. 1974ರ ನವೆಂಬರ್‌ನಲ್ಲಿ ಅಲ್ಲಿ ಮೊದಲ ಟೆಸ್ಟ್ ನಡೆಯಿತು, ವೆಸ್ಟ್ ಇಂಡೀಸ್ ವಿರುದ್ಧ. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಆಗ ಅದನ್ನು ಕೆಎಸ್‌ಸಿಎ ಮೈದಾನ ಎನ್ನುತ್ತಿದ್ದರು. ಮಂಡ್ಯದ ವಕೀಲ ಎಂ. ಚಿನ್ನಸ್ವಾಮಿ ಅವರ ಹೆಸರು ನಂತರ ಬಂತು. ದೊಡ್ಡಪ್ಪನಿಗೆ ಇದೆಲ್ಲ ಬಾಯಿಪಾಠ. ಐಪಿಎಲ್ ಬಂದಾಗ ಮೊದಲು ಮೂಗು ಮುರಿದರು. ದ್ರಾವಿಡ್, ಕುಂಬ್ಳೆ ಇದ್ದಾರೆ ಅಂತ ನೋಡಲು ಕೂತವರು ಮತ್ತೆ ಏಳಲಿಲ್ಲ.

ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಕಥೆ. ನಮ್ಮ ಕಡೆಯ ಹುಡುಗರು ಬೆಂಗಳೂರಿನ ಹೋಟೆಲು, ಬೇಕರಿಗಳಲ್ಲಿ ದುಡಿಯುತ್ತಾರೆ. ಕ್ರೀಡಾಂಗಣದ ದೀಪ ಕಾಣುವಷ್ಟು ಹತ್ತಿರದಲ್ಲಿದ್ದರೂ ಮ್ಯಾಚಿನ ಹೊತ್ತಿಗೆ ಅವರಿಗೆ ಗಿರಾಕಿ ಜಾಸ್ತಿ, ರಜೆ ಇಲ್ಲ. ಊರಲ್ಲಿದ್ದವರಿಗೆ ಟಿಕೆಟು, ರಾತ್ರಿ ಬಸ್ಸು, ಒಂದು ದಿನದ ಕೂಲಿ ಎಲ್ಲ ಸೇರಿದರೆ ಸಾವಿರಗಳ ಲೆಕ್ಕ. ಆನ್‌ಲೈನ್ ಟಿಕೆಟ್ ತೆರೆದ ಹೊತ್ತಿಗೆ ನಮ್ಮ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತಿರುಗುತ್ತಲೇ ಇರುತ್ತದೆ, ಅಷ್ಟರಲ್ಲಿ ಸೀಟು ಮುಗಿದಿರುತ್ತದೆ.

ಹಾಗಾದರೆ ಈ ಪ್ರೀತಿ ಎಲ್ಲಿ ಬೆಳೆಯಿತು? ಕೊಯ್ಲಾದ ಗದ್ದೆಯಲ್ಲಿ. ಟೆನಿಸ್ ಬಾಲಿನ ಟೂರ್ನಮೆಂಟುಗಳಲ್ಲಿ. ಕುಂದಾಪುರದ ಗಾಂಧಿ ಮೈದಾನದ ಅಂಚಿನಲ್ಲಿ ನಿಂತು ನೋಡಿದ ಆಟಗಳಲ್ಲಿ. ಯಕ್ಷಗಾನದ ಮೇಳಗಳನ್ನು ನಾವು ಹಚ್ಚಿಕೊಳ್ಳುವ ರೀತಿಯೇ ಇದು. ಸಾಲಿಗ್ರಾಮ ಮೇಳದವರು, ಪೆರ್ಡೂರು ಮೇಳದವರು ಅಂತ ಪಕ್ಷ ಕಟ್ಟಿಕೊಂಡು ಬೆಳಗಿನವರೆಗೆ ವಾದ ಮಾಡುವವರು ನಾವು. ಮಂದಾರ್ತಿ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾಯುವವರು ನಾವು. ಕಾಯುವುದು ನಮಗೆ ಹೊಸತಲ್ಲ. ಆದರೆ ಒಂದು ವ್ಯತ್ಯಾಸವಿದೆ. ಮೇಳ ನಮ್ಮ ಗದ್ದೆಗೆ ಬರುತ್ತದೆ. ಕ್ರಿಕೆಟ್ ತಂಡದ ಬಳಿಗೆ ನಾವೇ ಹೋಗಬೇಕು.

ಗೇಟಿನ ಹೊರಗೆ ನಡೆದದ್ದು

ಗೆಲುವು ಸಿಕ್ಕಿದ್ದು ಜೂನ್ 3ರ ರಾತ್ರಿ ತಡವಾಗಿ. ಸಂಭ್ರಮಾಚರಣೆ ಜೂನ್ 4ರ ಸಂಜೆ. ನಡುವೆ ಒಂದು ದಿನವೂ ಇಲ್ಲ. ವಿಜಯಯಾತ್ರೆ ಇದೆಯೋ ಇಲ್ಲವೋ, ಒಳಗೆ ಹೋಗಲು ಪಾಸು ಬೇಕೋ ಬೇಡವೋ ಎಂಬ ಬಗ್ಗೆ ಆ ದಿನ ಇಡೀ ಗೊಂದಲ. ಒಂದು ಮೊಬೈಲಿನಲ್ಲಿ ಒಂದು ಸುದ್ದಿ, ಇನ್ನೊಂದರಲ್ಲಿ ಇನ್ನೊಂದು. ಕ್ರೀಡಾಂಗಣದಲ್ಲಿ ಹಿಡಿಸುವುದು ಸುಮಾರು 35,000 ಜನ. ಬಂದವರು ಎರಡು-ಮೂರು ಲಕ್ಷ ಎಂದು ಮುಖ್ಯಮಂತ್ರಿಗಳೇ ಹೇಳಿದರು.

ಆಮೇಲೆ ಸರ್ಕಾರ, ಪೊಲೀಸ್, ಕ್ರಿಕೆಟ್ ಸಂಸ್ಥೆ, ತಂಡ ಒಬ್ಬರ ಕಡೆಗೆ ಒಬ್ಬರು ಬೆರಳು ತೋರಿಸಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹ ಅವರ ಆಯೋಗ ತನಿಖೆ ನಡೆಸಿ, ಈ ಕ್ರೀಡಾಂಗಣದ ವಿನ್ಯಾಸವೇ ಭಾರೀ ಜನಸಂದಣಿಗೆ ಸುರಕ್ಷಿತವಲ್ಲ ಎಂದು ಹೇಳಿತು. ಗೇಟು ದಾಟಿದರೆ ನೇರ ಫುಟ್‌ಪಾತ್, ಸಾಲು ನಿಲ್ಲಲು ಜಾಗವೇ ಇಲ್ಲ. ಇದು ಅರ್ಧ ಶತಮಾನದಿಂದ ಆಟ ನಡೆಯುತ್ತಿರುವ ಜಾಗ. ಆ ಗೇಟು, ಆ ಫುಟ್‌ಪಾತ್ ಜೂನ್ 4ರಂದು ಹೊಸದಾಗಿ ಹುಟ್ಟಿದ್ದಲ್ಲ.

ಅದರ ಬೆಲೆಯನ್ನು ಮತ್ತೆ ಅಭಿಮಾನಿಯೇ ತೆತ್ತ. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ನವೆಂಬರ್ 2ರಂದು ಭಾರತದ ಹುಡುಗಿಯರು ಅಲ್ಲೇ ಫೈನಲ್ ಗೆದ್ದರು. ಪಾಕಿಸ್ತಾನ ಫೈನಲ್ ತಲುಪದಿದ್ದರೆ ಆ ಪಂದ್ಯ ನಡೆಯಬೇಕಿದ್ದದ್ದು ಚಿನ್ನಸ್ವಾಮಿಯಲ್ಲಿ.

ಬೇರೆಯವರು ಕಲಿತ ಪಾಠ

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಇಕ್ಕಟ್ಟಿನಲ್ಲಿ ಸಿಲುಕಿದರು. ಒಟ್ಟು 97 ಸಾವು. ಅಭಿಮಾನಿಗಳು ಕುಡಿದಿದ್ದರು, ನುಗ್ಗಿದರು, ತಪ್ಪು ಅವರದ್ದೇ ಎಂದು ಪೊಲೀಸರು, ಪತ್ರಿಕೆಗಳು ಹೇಳಿದವು. ಸತ್ತವರ ಮನೆಯವರು ಆ ಮಾತು ಒಪ್ಪಲಿಲ್ಲ. 27 ವರ್ಷ ಹೋರಾಡಿದರು. 2016ರಲ್ಲಿ ಕೋರ್ಟಿನಲ್ಲಿ ಕೂತ ಪಂಚರು ಅಭಿಮಾನಿಗಳದ್ದು ಏನೂ ತಪ್ಪಿಲ್ಲ ಎಂದು ತೀರ್ಪು ಕೊಟ್ಟರು. ಆ ದುರಂತದ ನಂತರ ಅಲ್ಲಿನ ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಪದ್ಧತಿ ನಿಂತು, ಪ್ರತಿಯೊಬ್ಬನಿಗೂ ಸೀಟು ಬಂತು.

ನಮ್ಮ ದೇಶದಲ್ಲೂ ಉದಾಹರಣೆ ಇದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಫುಟ್‌ಬಾಲ್ ಪಂದ್ಯದ ವೇಳೆ 16 ಅಭಿಮಾನಿಗಳು ಸತ್ತರು. ಕೋಲ್ಕತಾದವರು ಆ ದಿನವನ್ನು ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ನೆನೆಯುತ್ತಾರೆ, ರಕ್ತದಾನ ಮಾಡುತ್ತಾರೆ.

ನಾವು ಕೇಳಬೇಕಾದ್ದು

ಅಭಿಮಾನಿಯನ್ನು ತಂಡದವರು "ಹನ್ನೆರಡನೇ ಆಟಗಾರ" ಎನ್ನುತ್ತಾರೆ. ಒಳ್ಳೆಯ ಮಾತು. ಹಾಗಾದರೆ ಹನ್ನೊಂದು ಆಟಗಾರರಿಗೆ ಮಾಡಿದ ಏರ್ಪಾಡಿನಲ್ಲಿ ಕಾಲು ಭಾಗವಾದರೂ ಅವನಿಗೆ ಸಿಗಬೇಕು. ಸತ್ತವರ ಕುಟುಂಬಕ್ಕೆ ತಂಡ ತಲಾ 25 ಲಕ್ಷ ಘೋಷಿಸಿತು. ಅದು ಆದ ಮೇಲಿನ ಮಾತು, ಆಗುವ ಮೊದಲಿನದ್ದು ಬೇರೆ.

ಒಂದು, ಕಾರ್ಯಕ್ರಮ ಇದ್ದರೆ ಎಲ್ಲರೂ ಸೇರಿ ಒಂದೇ ಪ್ರಕಟಣೆ ಕೊಡಲಿ, ಕನ್ನಡದಲ್ಲಿ, ಸಾಕಷ್ಟು ಮುಂಚೆ. ಪಾಸು ಎಷ್ಟು, ಗೇಟು ಯಾವುದು, ಪಾಸು ಇಲ್ಲದವರು ಬರಬೇಕೋ ಬೇಡವೋ ಎಂದು ಅದರಲ್ಲೇ ಇರಲಿ.

ಎರಡು, ಕಪ್ಪನ್ನು ಜಿಲ್ಲೆಗಳಿಗೆ ತನ್ನಿ. ಮಂಗಳೂರು, ಹುಬ್ಬಳ್ಳಿ, ಮೈಸೂರು, ಕಲಬುರಗಿಯ ಮೈದಾನಗಳಲ್ಲಿ ಒಂದೊಂದು ದಿನ ಇಟ್ಟರೂ ಸಾಕು. ದೊಡ್ಡ ಪರದೆಯಲ್ಲಿ ಮ್ಯಾಚ್ ತೋರಿಸುವ ಫ್ಯಾನ್ ಪಾರ್ಕುಗಳನ್ನು ಐಪಿಎಲ್‌ನವರು ಬೇರೆ ಬೇರೆ ಊರುಗಳಲ್ಲಿ ಮಾಡುತ್ತಲೇ ಬಂದಿದ್ದಾರೆ. ಸಂಭ್ರಮವನ್ನೂ ಹಾಗೆಯೇ ಹಂಚಿದರೆ ಇಡೀ ರಾಜ್ಯ ಒಂದೇ ಗೇಟಿಗೆ ಬಂದು ನಿಲ್ಲುವುದಿಲ್ಲ.

ಮೂರು, ಪ್ರತಿ ಪಂದ್ಯದಲ್ಲೂ ಕಡಿಮೆ ದರದ ಒಂದಿಷ್ಟು ಸೀಟುಗಳನ್ನು ಬೆಂಗಳೂರಿನ ಹೊರಗಿನವರಿಗೆ ಮೀಸಲಿಡಲಿ. ದೊಡ್ಡಪ್ಪನಂಥವರು ಒಂದು ಸಲವಾದರೂ ಒಳಗೆ ಕೂತು ನೋಡಲಿ.

ಇಷ್ಟು ಕೇಳುವ ನಾವು ನಮ್ಮ ಕೆಲಸವನ್ನೂ ಮಾಡಬೇಕು. ಹೆಮ್ಮಾಡಿಯ ಸೇವಂತಿಗೆ ಬುಟ್ಟಿ ಹೊತ್ತು ಸಂಕ್ರಾಂತಿಗೆ ಮಾರಣಕಟ್ಟೆ ಜಾತ್ರೆಗೆ ಹೋಗುವವರು ನಾವು. ಕಂಬಳ, ಆಟ, ನೈಟ್ ಟೂರ್ನಮೆಂಟ್ ಅಂತ ಜನ ಸೇರಿಸುವವರೂ ನಾವೇ. ಮುಂದಿನ ಸಲ ಟೂರ್ನಮೆಂಟಿನ ಬ್ಯಾನರ್ ಕಟ್ಟುವ ಮೊದಲು ಯುವಕ ಮಂಡಲದವರು ಮೈದಾನ ಒಮ್ಮೆ ಸುತ್ತಿ ಬನ್ನಿ. ಹೊರಹೋಗಲು ಎಷ್ಟು ದಾರಿ ಇದೆ? ಆ ದಾರಿಗೆ ಅಡ್ಡ ಬೈಕು ನಿಂತಿದೆಯಾ? ಆಂಬುಲೆನ್ಸ್ ಒಳಗೆ ಬರಬಹುದಾ? ಸುದ್ದಿ ಹೇಳಲು ಮೈಕ್ ಹಿಡಿದ ಒಬ್ಬ ಜವಾಬ್ದಾರಿಯ ಮನುಷ್ಯ ಇದ್ದಾನಾ?

ಇನ್ನೊಂದು ಸಲಹೆ. ನಮ್ಮ ಕಡೆ ರಕ್ತದಾನ ಶಿಬಿರಗಳಿಗೆ ಬರಗಾಲವಿಲ್ಲ. ಪ್ರತಿ ಜೂನ್ 4ರಂದು ಒಂದು ಶಿಬಿರ ಆ 11 ಮಂದಿಯ ಹೆಸರಲ್ಲಿ ನಡೆಯಲಿ. ಆರ್‌ಸಿಬಿ ಜೆರ್ಸಿ ಹಾಕಿಕೊಂಡೇ ಬನ್ನಿ. ಅವರೂ ಆ ದಿನ ಅದೇ ತಂಡಕ್ಕಾಗಿ ಹೊರಟಿದ್ದರು. ಮಂಡಲದವರು ಯಾರಾದರೂ ಮುಂದೆ ಬಂದರೆ ಸುದ್ದಿ ಮಾಡುವ ಕೆಲಸ ನನ್ನದು, ಸಾಲಿನಲ್ಲಿ ನಿಂತು ರಕ್ತ ಕೊಡುವುದೂ ನನ್ನದೇ.