ಕಾರಿಗೂ ಒಂದು ಅರವಟ್ಟಿಗೆಯೆ?

ಈಚೆಗೆ ಹಾಸನದ ಸಭ್ಯರ ನಡುವೆ ಹೊಸದೊಂದು ವಾದ ಕಾಲೂರಿದೆ. ಬ್ಯಾಟರಿ ಕಾರುಗಳಿಗೆ ಬೇಗನೆ ವಿದ್ಯುತ್ತು ತುಂಬುವ ಯಂತ್ರಗಳನ್ನು, ಎಂದರೆ ಈಗ ಎಲ್ಲರ ಬಾಯಲ್ಲಿರುವ ಫಾಸ್ಟ್ ಚಾರ್ಜರುಗಳನ್ನು, ಸಾರ್ವಜನಿಕ ಸ್ಥಳಗಳಲ್ಲಿ ಸರ್ಕಾರವೇ ನಿಲ್ಲಿಸಬೇಕು, ಅವು ಪುಕ್ಕಟೆಯಾಗಿರಬೇಕು ಎಂಬುದೇ ಆ ವಾದ. ಹೀಗೆ ವಾದಿಸುವವರು ಬಡವರಲ್ಲ. ವೈದ್ಯರು, ವಕೀಲರು, ಕಂಟ್ರಾಕ್ಟರುಗಳು, ನನ್ನಂಥ ಮೇಷ್ಟರುಗಳು. ಹೊಗೆಯಿಲ್ಲದ ಗಾಡಿ ಕೊಂಡು ಲೋಕೋಪಕಾರ ಮಾಡುತ್ತಿರುವ ನಮಗೆ ಇಷ್ಟಾದರೂ ಬೇಡವೆ ಎಂದು ಕೇಳುತ್ತಾರೆ. ದಾರಿಹೋಕರಿಗೆ ಅರವಟ್ಟಿಗೆ ಇಟ್ಟ ನಾಡಲ್ಲವೆ ಇದು ಎಂದು ಧರ್ಮವನ್ನೂ ಸಾಕ್ಷಿಗೆ ಕರೆಯುತ್ತಾರೆ. ಬ್ಯಾಟರಿ ಕಾರಿನ ಸಾಲಕ್ಕೆ ತಿಂಗಳು ತಿಂಗಳೂ ಕಂತು ಕಟ್ಟುತ್ತಿರುವವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಬೇಡಿಕೆ ನ್ಯಾಯವಲ್ಲವೆಂದು ನಾನು ಹೇಳಿದರೆ, ಕಾರಿಲ್ಲದವನ ಹೊಟ್ಟೆಕಿಚ್ಚೆಂದು ಯಾರೂ ತಳ್ಳಿಹಾಕುವಂತಿಲ್ಲ.

ಅರವಟ್ಟಿಗೆಯ ಮಾತನ್ನೇ ಮೊದಲು ನೋಡೋಣ. ಅಲ್ಲಿ ಕುಡಿಯುವವನ ಹೊಟ್ಟೆಯೇ ಅಳತೆ. ಎರಡು ಚೊಂಬು ನೀರು ಕುಡಿದವನಿಗೆ ಮೂರನೆಯದು ಬೇಡ. ಬಾಯಿ ಒರೆಸಿಕೊಂಡು ಎದ್ದು ನಡೆಯುತ್ತಾನೆ. ಮನೆಯ ಕೊಡದಲ್ಲಿ ನೀರಿದ್ದವನು ಬಿಸಿಲಿನಲ್ಲಿ ಅಲ್ಲಿಗೆ ನಡೆದು ಬರುವುದೂ ಇಲ್ಲ. ಕಾರಿನ ಹೊಟ್ಟೆಯ ರೀತಿ ಬೇರೆ. ಸಣ್ಣ ಕಾರಿನ ಬ್ಯಾಟರಿಯೇ ಸುಮಾರು 30 ಯೂನಿಟ್ ಹಿಡಿಯುತ್ತದೆ. ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಅದು ತುಂಬಲು ಒಂದು ಇರುಳು ಬೇಕು. ಫಾಸ್ಟ್ ಚಾರ್ಜರಿನಲ್ಲಿ ಶೇಕಡ 80ರವರೆಗೆ ಒಂದು ಗಂಟೆಯ ಆಸುಪಾಸು ಸಾಕು. ಅಲ್ಲಿಂದ ಮುಂದೆ ಬ್ಯಾಟರಿಯ ರಕ್ಷಣೆಗಾಗಿ ವೇಗ ಇಳಿಯುತ್ತದೆ. ಉಳಿದ ಇಪ್ಪತ್ತು ಪಾಲಿಗೆ ಬಹಳ ಹೊತ್ತು ಹಿಡಿಯುತ್ತದೆ. ದೂರ ಹೋಗಬೇಕಾದವನು 80ಕ್ಕೆ ತಂತಿ ಕಳಚಿ ಹೊರಡುತ್ತಾನೆ. ಬಿಟ್ಟಿಗೆ ಬಂದವನು ಏಕೆ ಹೊರಟಾನು? ನೂರಾಗುವವರೆಗೆ ಅವನಿಗೆ ಒಂದು ಮಸಾಲೆ ದೋಸೆ, ಎರಡು ಕಾಫಿ, ಊರಿನ ರಾಜಕೀಯ.

ಇದು ಊಹೆಯ ಮಾತಲ್ಲ. ನಮ್ಮ ಜಿಲ್ಲೆಯ ಹೆದ್ದಾರಿಯಲ್ಲೊಂದು ಹೋಟೆಲಿನವರು ಗಿರಾಕಿಗಳನ್ನು ಸೆಳೆಯಲೆಂದು ಕೆಲವು ಕಾಲ ಪುಕ್ಕಟೆ ಚಾರ್ಜಿಂಗ್ ಇಟ್ಟಿದ್ದರು. ಬೆಳಗಿನ ಹೊತ್ತು ಅಲ್ಲಿ ಸಾಲುಗಟ್ಟುತ್ತಿದ್ದ ಕಾರುಗಳೆಲ್ಲ ಊರಿನವೇ. ಅವುಗಳ ಯಜಮಾನರ ಮನೆಗಳನ್ನು ನಾನು ಬಲ್ಲೆ. ಆ ಮನೆಗಳ ಷೆಡ್ಡುಗಳನ್ನೂ ಷೆಡ್ಡಿನಲ್ಲಿರುವ ಪ್ಲಗ್ಗುಗಳನ್ನೂ ಬಲ್ಲೆ. ಶಿರಾಡಿ ಘಾಟಿ ಹತ್ತಿ ಬಂದ ಮಂಗಳೂರಿನ ಸಂಸಾರವೊಂದು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಅವರ ಹಿಂದೆ ಸರದಿ ಕಾಯುತ್ತ ನಿಂತಿದ್ದುದನ್ನೂ ಕಂಡಿದ್ದೇನೆ. ಮನೆಯ ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಉಳಿಸಲು ಕೂತವರು ಅತ್ತ ತಿರುಗಿ ನೋಡಲಿಲ್ಲ. ಒಂದು ದಿನ ಆ ಯಂತ್ರ ಕೆಟ್ಟಿತು. ಸಂಪಾದನೆಯಿಲ್ಲದ ಯಂತ್ರವನ್ನು ರಿಪೇರಿ ಮಾಡಿಸುವ ಆತುರ ಯಾರಿಗಿರುತ್ತದೆ? ತಲೆಗೊಂದು ಗೋಣಿಚೀಲ ಕಟ್ಟಿ ಬಿಟ್ಟರು.

ಹೊರದೇಶಗಳ ಅನುಭವವೂ ಇದೇ. ಟೆಸ್ಲಾ ಕಂಪೆನಿ ತನ್ನ ಮೊದಮೊದಲ ಗಿರಾಕಿಗಳಿಗೆ ಕಾರಿನ ಆಯುಷ್ಯದವರೆಗೆ ಬಿಟ್ಟಿ ಚಾರ್ಜಿಂಗ್ ಕೊಟ್ಟಿತ್ತು. 2016ರ ಡಿಸೆಂಬರಿನಲ್ಲಿ, ತುಂಬಿದ ಮೇಲೂ ಜಾಗ ಬಿಡದ ಕಾರುಗಳಿಗೆ ದಂಡ ಗೊತ್ತುಮಾಡಬೇಕಾಯಿತು. 2017ರಲ್ಲಿ ಹೊಸ ಗಿರಾಕಿಗಳಿಗೆ ಬಿಟ್ಟಿಯ ಮಿತಿಯನ್ನೇ ಕಟ್ಟಿತು. ಸ್ಕಾಟ್ಲೆಂಡಿನ ಎಷ್ಟೋ ಸ್ಥಳೀಯ ಸಂಸ್ಥೆಗಳು ಮೊದಲು ಪುಕ್ಕಟೆ ಕೊಟ್ಟು, ಕಾರುಗಳು ಹೆಚ್ಚಿದಂತೆ ಒಂದೊಂದಾಗಿ ದರ ಹಾಕಿದವು.

ನಮ್ಮವರಿಗೆ ಇನ್ನೊಂದು ಲೆಕ್ಕವೂ ತಿಳಿದಿರಬೇಕು. 60 ಕಿಲೋವ್ಯಾಟಿನ ಒಂದು ಚಾರ್ಜರು ಎಳೆಯುವ ವಿದ್ಯುತ್ತು ಹತ್ತು ಎಚ್.ಪಿ.ಯ ಎಂಟು ಪಂಪ್‌ಸೆಟ್ಟುಗಳಿಗೆ ಸಮ. ಹಳ್ಳಿಗೆ ಹಾಕುವ 63 ಕೆ.ವಿ.ಎ. ಟಿ.ಸಿ. ಇಡಿಯಾಗಿ ಆ ಒಂದು ಕಾರಿಗೇ ಬೇಕು. ರೈತನಿಗೆ 2008ರಿಂದ ಹತ್ತು ಎಚ್.ಪಿ.ವರೆಗೆ ಪುಕ್ಕಟೆ ಕೊಡುತ್ತಿಲ್ಲವೆ, 2023ರಿಂದ ಮನೆಗಳಿಗೆ 200 ಯೂನಿಟ್ಟಿನವರೆಗೆ, ಹೆಂಗಸರಿಗೆ ಬಸ್ಸು ಎಂದು ವಾದಿಗಳು ಬೆರಳು ಮಡಿಸುತ್ತಾರೆ. ಹೊಳೆನರಸೀಪುರದಿಂದ ಹಾಸನಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ಬರುವ ಹೆಣ್ಣುಮಗಳ ಬಸ್ ಚಾರ್ಜನ್ನೂ ಹದಿನೈದು ಲಕ್ಷದ ಕಾರಿನ ಚಾರ್ಜನ್ನೂ ಒಂದೇ ತಕ್ಕಡಿಯಲ್ಲಿಡುವ ಧೈರ್ಯ ನನಗಿಲ್ಲ. ಇನ್ನು ರೈತನ ಪುಕ್ಕಟೆ ಕರೆಂಟು ಯಾವ ಹೊತ್ತಿನಲ್ಲಿ ಬರುತ್ತದೆಂದು ಅವನನ್ನೇ ಕೇಳಿ ನೋಡಿ. ಕೊಡುವವನಿಗೆ ಅನುಕೂಲವಾದ ಹೊತ್ತಿಗೆ ಬರುತ್ತದೆ. ನಡುರಾತ್ರಿ ಟಾರ್ಚು ಹಿಡಿದು ಅವನು ಗದ್ದೆಗೆ ಹೋಗಬೇಕು. ಈ ಪುಕ್ಕಟೆಯ ವೈಭವವನ್ನು ಕಾರಿನವರು ಬಯಸುತ್ತಾರೆಯೆ?

ಹಾಗಾದರೆ ಕೇಳಿದಷ್ಟು ಕೊಟ್ಟು ಬರಬೇಕೆ? ಖಂಡಿತ ಬೇಡ. ಬಿಟ್ಟಿ ಕೇಳುವ ಈ ಗದ್ದಲದಲ್ಲಿ ನಿಜವಾದ ಅನ್ಯಾಯ ಮುಚ್ಚಿಹೋಗುತ್ತಿದೆಯೆಂಬುದೇ ನನ್ನ ಸಿಟ್ಟು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2018ರಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ ಯೂನಿಟ್ಟಿಗೆ 4 ರೂಪಾಯಿ 85 ಪೈಸೆಯ ಪ್ರತ್ಯೇಕ ದರ ಗೊತ್ತುಮಾಡಿತು. ಹೆದ್ದಾರಿಯ ಖಾಸಗಿ ಯಂತ್ರಗಳಲ್ಲಿ ನಾವು ಇಪ್ಪತ್ತು ರೂಪಾಯಿಯ ಆಸುಪಾಸು ಕೊಡುತ್ತೇವೆ. ನಡುವಿನ ಅಂತರದಲ್ಲಿ ಯಂತ್ರದ ಬೆಲೆಯೆಷ್ಟು, ಜಾಗದ ಬಾಡಿಗೆಯೆಷ್ಟು, ಲಾಭವೆಷ್ಟು? ಇದನ್ನು ಕೇಳುವವರಿಲ್ಲ. ಇದರ ಮೇಲೆ ತೆರಿಗೆ. ಸಾರ್ವಜನಿಕ ಕೇಂದ್ರದಲ್ಲಿ ಬ್ಯಾಟರಿ ತುಂಬುವುದು ವಿದ್ಯುತ್ತಿನ ಮಾರಾಟವೆ, ಸೇವೆಯೆ ಎಂದು ನಮ್ಮ ಜಿಲ್ಲೆಗೂ ವಿದ್ಯುತ್ತು ಹಂಚುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಪ್ರಶ್ನೆ ಹಾಕಿತ್ತು. ಅದು ಸೇವೆ, ಶೇಕಡ 18 ಜಿ.ಎಸ್.ಟಿ. ಕೊಡತಕ್ಕದ್ದು ಎಂದು ಮುಂಗಡ ತೀರ್ಪಿನ ಪ್ರಾಧಿಕಾರ 2023ರ ಜುಲೈಯಲ್ಲಿ ಹೇಳಿತು. ಕಾರು ಕೊಳ್ಳುವಾಗ ಶೇಕಡ 5, ಅದಕ್ಕೆ ಉಣಿಸುವಾಗ ಶೇಕಡ 18!

ಈ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ? ಸ್ವಂತ ಮನೆ, ಸ್ವಂತ ಷೆಡ್ಡು ಇದ್ದವನು ಮನೆಯ ದರದಲ್ಲಿ ತುಂಬಿಸುತ್ತಾನೆ. ಮನೆಯ ಕರೆಂಟಿಗೆ ಜಿ.ಎಸ್.ಟಿ. ಇಲ್ಲ. ವಠಾರದಲ್ಲಿ ಬಾಡಿಗೆಗಿರುವ ಗುಮಾಸ್ತನಿಗೂ ರಸ್ತೆಯ ಬದಿ ಗಾಡಿ ನಿಲ್ಲಿಸುವ ಟ್ಯಾಕ್ಸಿಯವನಿಗೂ ಸಾರ್ವಜನಿಕ ಯಂತ್ರವೇ ಗತಿ. ಅವರು ತೆರಿಗೆಯನ್ನೂ ಕೊಡಬೇಕು, ಬಿಟ್ಟಿ ಯಂತ್ರವೊಂದು ಎದ್ದರೆ ಷೆಡ್ಡಿನವನ ಹಿಂದೆ ಸಾಲಿನಲ್ಲೂ ನಿಲ್ಲಬೇಕು. ಹೊಟ್ಟೆ ತುಂಬಿದವನು ಅನ್ನಸತ್ರದ ಮೊದಲ ಪಂಕ್ತಿಯಲ್ಲಿ ಕೂತಂತಾಯಿತು.

ಹೇಮಾವತಿಯ ಕಾಲುವೆಗಳನ್ನು ಕಂಡ ಜಿಲ್ಲೆ ಇದು. ತಲೆಯ ಭಾಗದವನು ಗದ್ದೆ ತುಂಬಿಸಿಕೊಂಡರೆ ಬಾಲದವನು ಆಕಾಶ ನೋಡಬೇಕಾಗುವ ಕಷ್ಟವನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಚಾರ್ಜಿಂಗಿನ ಕಾಲುವೆಗೆ ತಲೆಯೆಂದರೆ ರಾಷ್ಟ್ರೀಯ ಹೆದ್ದಾರಿ 75. ಚನ್ನರಾಯಪಟ್ಟಣ, ಹಾಸನ ಎರಡೂ ಅದರ ಮೇಲಿವೆ. ಬೆಂಗಳೂರು ಮಂಗಳೂರುಗಳ ನಡುವಿನ ಸಂಚಾರವಿದೆ. ವ್ಯಾಪಾರಿಗಳು ಕರೆಯದೆಯೇ ಬರುತ್ತಾರೆ. ಹೆದ್ದಾರಿಯ ಎರಡು ಬದಿಯಲ್ಲೂ 25 ಕಿಲೋಮೀಟರಿಗೊಂದು ಕೇಂದ್ರವಿರಬೇಕೆಂದು ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲೇ ಸೂಚಿಸಿತ್ತು. ಅ.ನ.ಕೃ. ಅವರ ಹೆಸರಿನ ಮೊದಲಕ್ಷರದಲ್ಲೇ ಕುಳಿತಿರುವ ಅರಕಲಗೂಡು ಆ ದಾರಿಯಲ್ಲಿಲ್ಲ. ರೈಲಂತೂ ಅದಕ್ಕೆ ಇಲ್ಲವೇ ಇಲ್ಲ. ಅಲ್ಲಿಂದ ಹೆರಿಗೆಗೋ ಆಸ್ಪತ್ರೆಗೋ ಹಾಸನಕ್ಕೆ ಬಾಡಿಗೆ ಓಡಿಸುವವನು ಬ್ಯಾಟರಿ ಗಾಡಿ ಕೊಳ್ಳಬೇಕಾದರೆ ಬಿಟ್ಟಿ ವಿದ್ಯುತ್ತನ್ನು ಕಾಯುತ್ತ ಕೂತಿಲ್ಲ. ಹೋದಾಗ ಯಂತ್ರ ನಡೆಯುತ್ತಿರುತ್ತದೆಯೆಂಬ ಭರವಸೆ ಅವನಿಗೆ ಬೇಕು.

ಸರ್ಕಾರದ ಹಣ ಖರ್ಚಾಗಬೇಕಾದುದು ಈ ಬಾಲದ ಊರುಗಳಲ್ಲಿ. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದು 2,000 ಕೋಟಿ ರೂಪಾಯಿ ಎತ್ತಿಟ್ಟರು. ಅಂಥ ಹಣದಿಂದ ಅರಕಲಗೂಡಿನ, ಹೊಳೆನರಸೀಪುರದ ಬಸ್ ನಿಲ್ದಾಣಗಳ ಬಳಿ ಟಿ.ಸಿ. ಬರಲಿ, ತಂತಿ ಬರಲಿ, ಮಳೆ ತಡೆಯುವ ಮಾಡು ಬರಲಿ. ಯೂನಿಟ್ಟಿಗೆ ಮಾತ್ರ ದರವಿರಲಿ. ಆ ದರವನ್ನು, ತೆರಿಗೆ ಸೇರಿಸಿ, ಪೆಟ್ರೋಲ್ ಬಂಕಿನಲ್ಲಿರುವಂತೆ ದೊಡ್ಡ ಅಂಕಿಗಳಲ್ಲಿ ಬರೆದು ತೂಗುಹಾಕಲಿ. ಒಂದೊಂದು ಕಂಪೆನಿಗೆ ಒಂದೊಂದು ಆ್ಯಪ್, ಒಂದೊಂದರಲ್ಲೂ ಮುಂಗಡ ಹಣ ಎಂಬ ಕಾಟ ನಿಂತು, ಯಾರು ಬೇಕಾದರೂ ದುಡ್ಡು ಕೊಟ್ಟು ತುಂಬಿಸಿಕೊಳ್ಳುವಂತಾಗಲಿ. ತುಂಬಿದ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತ ಕಾರಿಗೆ, ಅದು ಶಾಸಕರದಾಗಲಿ ಪ್ರಿನ್ಸಿಪಾಲರದಾಗಲಿ, ದಂಡವಿರಲಿ. ಬಾಡಿಗೆ ಗಾಡಿಗಳಿಗೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕಡಮೆ ದರ ಕೊಡಲಿ. ಬಂದ ಹಣದಲ್ಲಿ ಒಬ್ಬ ಮೆಕ್ಯಾನಿಕ್ಕನಿಗೆ ಸಂಬಳ ಕೊಟ್ಟು, ಅವನ ಫೋನ್ ನಂಬರನ್ನು ಯಂತ್ರದ ಮೇಲೆಯೇ ಕನ್ನಡದಲ್ಲಿ ಬರೆಸಲಿ.