ಈಜುಕೊಳಕ್ಕೆ ನೀರು ತುಂಬುವ ಕಾಲ ಬೇಸಿಗೆಯಲ್ಲ



ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೋಂಸ್ಟೇಗಳಲ್ಲಿ ಒಂದು ಕೆಲಸ ಶುರುವಾಗುತ್ತದೆ. ಹಸಿರುಗಟ್ಟಿ ನಿಂತ ಈಜುಕೊಳದ ನೀರನ್ನು ಪಂಪಿಟ್ಟು ಹಳ್ಳಕ್ಕೆ ಬಿಡುವುದು, ಗೋಡೆಯ ಲೋಳಿ ತಿಕ್ಕುವುದು, ಬೋರ್‌ವೆಲ್ಲಿನಿಂದಲೋ ಗುಡ್ಡದ ಅಬ್ಬಿಯಿಂದಲೋ ಹೊಸ ನೀರು ತುಂಬುವುದು. ಅದೇ ಹೊತ್ತಿಗೆ ಕೆಳಗಿನ ಕೇರಿಯ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲೂ ಒಂದು ಈಜುಕೊಳವಿದೆ. ಅಡಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮೊಮ್ಮಕ್ಕಳಿಗೆಂದು ಕಟ್ಟಿಸಿದ್ದು. ಮೊದಲೆರಡು ವರ್ಷ ನಾನೂ ಹೀಗೇ ಮಾಡಿದೆ. ಆಮೇಲೆ ಒಂದು ದಿನ ಲೆಕ್ಕ ಹಾಕಿದೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ: 40,000 ಲೀಟರ್. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಇಟ್ಟಿರುವ ಪ್ರಮಾಣ 55 ಲೀಟರ್. ಐದು ಜನರ ಸಂಸಾರಕ್ಕೆ ನನ್ನ ಕೊಳದ ನೀರು 145 ದಿನಕ್ಕೆ ಬರುತ್ತಿತ್ತು!

ಆಗುಂಬೆ, ಹುಲಿಕಲ್ ಇರುವ ಸೀಮೆಯಲ್ಲಿ ನೀರಿಗೇನು ಬರ ಎಂದು ಹೊರಗಿನವರು ಕೇಳುತ್ತಾರೆ. ಆದರೆ ಮಳೆಯ ಬಹುಪಾಲು ಸುರಿಯುವುದು ಮಳೆಗಾಲದ ನಾಲ್ಕೇ ತಿಂಗಳಲ್ಲಿ. ಜಂಬಿಟ್ಟಿಗೆ ನೆಲ ಅದನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ, ಇಳಿಜಾರು ಬಿದ್ದು ಶರಾವತಿಗೋ ವಾರಾಹಿಗೋ ತುಂಗೆಗೋ ಹೋಗುತ್ತದೆ. ಮಾರ್ಚ್‌ನಲ್ಲಿ ಮೇಲಿನವನು ಅಬ್ಬಿಗೆ ಪೈಪು ಹಾಕಿದರೆ ಕೆಳಗಿನ ತೋಟ ಒಣಗಿತೆಂದೇ ಅರ್ಥ. ನಗರವೆಂಬ ಊರಿನ ಬಳಿ ಬಸವನಬ್ಯಾಣದಲ್ಲಿ ಕೆಳದಿ ಅರಸರ ಕಾಲದ ದೇವಗಂಗೆ ಕೊಳಗಳನ್ನು ನೋಡಿ. ಗುಡ್ಡದ ನೀರು ಒಂದರಿಂದೊಂದಕ್ಕೆ ಇಳಿದು ಮುಂದೆ ಹರಿಯುತ್ತದೆ. ರಾಣಿವಾಸದ ಜಳಕಕ್ಕೂ ಹಳ್ಳವನ್ನು ಕಟ್ಟಿ ಹಾಕಿರಲಿಲ್ಲ.

ಹೋಂಸ್ಟೇಯವರ ವಾದ, ಅತಿಥಿಗಳು ಹೊಸ ನೀರು ಕೇಳುತ್ತಾರೆ ಎಂದು. ಹೊಸದಾದ ಮಾತ್ರಕ್ಕೆ ನೀರು ಶುದ್ಧವಲ್ಲ. ಬಿಸಿಲಿಗೆ ಕಾದು ನಿಂತ ನೀರು ಮೂಗಿಗೆ ಹೊಕ್ಕರೆ ಏನಾಗಬಹುದೆಂದು ಕೇರಳದಲ್ಲಿ 2024, 2025ರ ಅಮೀಬಾ ಸೋಂಕಿನ ಸಾವುಗಳು ತೋರಿಸಿವೆ. ಬೇಕಾದದ್ದು ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್, 7.2ರಿಂದ 7.8ರೊಳಗಿನ ಪಿಎಚ್, ದಿನವೂ ಓಡುವ ಫಿಲ್ಟರ್. ಕೆಲವರು ಪಾಚಿಗೆಂದು ಮೈಲುತುತ್ತ ಸುರಿದು, ಆ ನೀರನ್ನೇ ಹಳ್ಳಕ್ಕೆ ಬಿಡುತ್ತಾರೆ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತವನ್ನೇ ಬೆರೆಸಿ ಔಷಧಿ ಹೊಡೆಯುವ ನಮಗೆ ಅದು ಮೀನಿಗೆ ವಿಷವೆಂದು ಯಾರೂ ಹೇಳಿಕೊಡಬೇಕಿಲ್ಲ.

ನಾನೀಗ ಕೊಳ ತೊಳೆಯುವುದು, ತುಂಬುವುದು ಅಕ್ಟೋಬರ್‌ನಲ್ಲಿ, ಹಳ್ಳ ಇನ್ನೂ ಉಕ್ಕುತ್ತಿರುವಾಗ. ಕ್ಲೋರಿನ್ ಹಾಕಿ, ಅಡಕೆ ಮುಚ್ಚುವ ಟಾರ್ಪಾಲಿನ್ನೇ ಮೇಲೆ ಬಿಗಿಯುತ್ತೇನೆ. ಬಿಸಿಲು ಬೀಳದಿದ್ದರೆ ಪಾಚಿ ಕಟ್ಟುವುದು ಕಡಿಮೆ, ಆವಿಯಾಗುವುದೂ ಕಡಿಮೆ. ನಮ್ಮ ಕಡೆಯ ನೀರು ಮೆದು, ಪಿಎಚ್ ನಿಲ್ಲುವುದಿಲ್ಲ. ಅದಕ್ಕೆ ಅಡುಗೆ ಸೋಡಾ ಇದೆ. ಮಾರ್ಚ್‌ನಲ್ಲಿ ಹೊದಿಕೆ ತೆಗೆದು, ಕಸ ಗೋರಿ, ಎರಡು ದಿನ ಫಿಲ್ಟರ್ ಓಡಿಸಿ, ನೀರು ಪರೀಕ್ಷಿಸಿದರೆ ಮುಗಿಯಿತು. ಖರ್ಚೂ ಕಡಿಮೆ. (ಟಾರ್ಪಾಲಿನ ಮೇಲೆ ಸೇರುವ ಕಪ್ಪೆಗಳನ್ನು ಓಡಿಸುವ ಕೆಲಸ ಮೊಮ್ಮಕ್ಕಳದು.)

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಇಟ್ಟಿತು. ಶರಾವತಿಯನ್ನು ಆ ಊರಿಗೆ ಒಯ್ಯಬಾರದೆಂದು 2019ರಲ್ಲಿ ಬಂದ್ ಮಾಡಿದ ನಾವು, ಅಲ್ಲಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬರುವವರಿಗೆ ಇಲ್ಲೇ ಹಳ್ಳ ಬರಿದು ಮಾಡಿ ಕೊಡುತ್ತಿದ್ದೇವೆ.

ಹೋಂಸ್ಟೇಗೆ ಒಪ್ಪಿಗೆ ಕೊಡುವಾಗಲೇ ಗ್ರಾಮ ಪಂಚಾಯಿತಿಗಳು ಒಂದು ಷರತ್ತು ಬರೆಯಲಿ: ಫೆಬ್ರವರಿಯಿಂದ ಮೇ ಕೊನೆಯವರೆಗೆ ಈಜುಕೊಳ ಖಾಲಿ ಮಾಡಿ ತುಂಬುವಂತಿಲ್ಲ, ಕೊಳದ ನೀರು ಹಳ್ಳಕ್ಕೆ ಬಿಡುವಂತಿಲ್ಲ. ಮನೆಗಳ ಕೊಳಕ್ಕೂ ಇದೇ ನಿಯಮ ಇರಲಿ. ಮುಂದಿನ ಗ್ರಾಮಸಭೆಗೆ ಅರ್ಜಿ ಕೊಡುತ್ತಿದ್ದೇನೆ. ತಪಾಸಣೆಯನ್ನು ನಮ್ಮ ಮನೆಯಿಂದಲೇ ಶುರು ಮಾಡಬಹುದು.

— ಒಬ್ಬ ಅಡಕೆ ಬೆಳೆಗಾರ, ಹೊಸನಗರ ತಾಲ್ಲೂಕು