ಕಂಚಿನ ಬಳೆ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾದ ಊರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಸಾಹೇಬನು ಇಲ್ಲಿಯ ಗಾಜಿನ ಕೆಲಸವನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಆ ಊರಿಗೆ ಹೊರಟ ನಾನೂ ಬಳೆಯ ವಿಷಯವಾಗಿ ಒಂದು ಪಾಠವನ್ನು ಕಲಿತುಬಂದೆ; ಗಾಜಿನದಲ್ಲ, ಕಂಚಿನದು.

ತೀರಿಹೋದ ತಂದೆಯವರು ಮಗುವಿನಂತೆ ನೋಡಿಕೊಂಡಿದ್ದ ಹಳೆಯ ಕಾರು ಅದು. ಮತ್ತೋಡು ಇನ್ನೂ ದೂರವಿರುವಾಗಲೇ ಎರಡನೆಯ ಗೇರು ನಿಲ್ಲದೆ ಜಾರತೊಡಗಿತು. ಹೇಗೋ ಹೊಸದುರ್ಗವನ್ನು ಸೇರಿದೆವು. ವಯಸ್ಸಾದ ಮೇಸ್ತ್ರಿಯೊಬ್ಬರು ಪೆಟ್ಟಿಗೆಯನ್ನು ಬಿಚ್ಚಿ, ಸವೆದ ಕಂಚಿನ ಬುಷ್ಷೊಂದನ್ನು ನನ್ನ ಅಂಗೈಯಲ್ಲಿಟ್ಟರು. ನೋಡಿದರೆ ಮಗುವಿನ ಬಳೆಯಂತಿತ್ತು.

"ಈ ಕಾಲದಲ್ಲಿಯೂ ಬುಷ್ಷೇ? ಖರ್ಚಾದರೆ ಆಗಲಿ, ರೋಲರ್ ಬೇರಿಂಗನ್ನೇ ಹಾಕಿಬಿಡಿ" ಎಂದೆ. ತಂದೆಯವರ ಕಾರಿಗೆ ಉತ್ತಮವಾದುದನ್ನೇ ಹಾಕಿಸಬೇಕೆಂಬ ಆಸೆ. ಹೊಸದೇ ಉತ್ತಮವೆಂಬ ನಂಬಿಕೆ.

"ಮೇಷ್ಟ್ರೇ, ಎರಡನೆಯ ಗೇರಿನಲ್ಲಿ ಹೋಗುವಾಗ ಈ ಹಲ್ಲಿನ ಚಕ್ರ ತನ್ನ ಶಾಫ್ಟಿನ ಮೇಲೆ ತಿರುಗುತ್ತದೆಯೋ?"

"ತಿರುಗದಿದ್ದರೆ ಕಾರು ಓಡುವುದೆಂತು?"

ಅವರು ನಕ್ಕರು. "ಆಗ ಚಕ್ರವೂ ಶಾಫ್ಟೂ ಕಚ್ಚಿಕೊಂಡು ಜೊತೆಯಲ್ಲೇ ತಿರುಗುತ್ತವೆ. ಬೇರೆ ಗೇರು ಹಾಕಿದಾಗ ಮಾತ್ರ ಇದು ಶಾಫ್ಟಿನ ಮೇಲೆ ಬಿಡಿಯಾಗಿ ಸುತ್ತುತ್ತದೆ. ಸುತ್ತುವಾಗ ಭಾರವಿಲ್ಲ, ಭಾರವಿರುವಾಗ ಸುತ್ತುವುದಿಲ್ಲ."

ಆಗ ನನಗೆ ಬೆಳಕಾಯಿತು. ಉರುಳುವುದೇ ರೋಲರಿನ ಗುಣ. ಉರುಳದೆ ಭಾರ ಹೊತ್ತು ನಿಂತಾಗ, ಒಂದೊಂದು ಸಣ್ಣ ಸಲಾಕೆಯೂ ಶಾಫ್ಟನ್ನು ಒಂದು ಗೆರೆಯಷ್ಟೇ ಮುಟ್ಟುತ್ತದೆ; ಎಂಜಿನ್ನಿನ ನಡುಕಕ್ಕೆ ಅದೇ ಗೆರೆಯಲ್ಲಿ ಶಾಫ್ಟು ತಗ್ಗು ಬೀಳಬಹುದು. ಬುಷ್ಷು ಅಗಲವಾಗಿ ಕುಳಿತು ಭಾರವನ್ನು ಹಂಚಿಕೊಳ್ಳುತ್ತದೆ. ತಾಮ್ರಕ್ಕೆ ತವರ ಬೆರೆತ ಕಂಚು ಉಕ್ಕಿಗಿಂತ ಮೃದು; ಆದುದರಿಂದ ತಾನು ಸವೆದು ಶಾಫ್ಟನ್ನು ಉಳಿಸುತ್ತದೆ, ಸವೆಯುವಾಗ ಸದ್ದುಮಾಡಿ ಎಚ್ಚರಿಸುತ್ತದೆ. ರೋಲರು ಓಡಬೇಕಾದರೆ ಶಾಫ್ಟಿನ ಮೈಯನ್ನು ಬಹಳ ಗಡುಸುಗೊಳಿಸಿ ನುಣುಪಾಗಿ ಉಜ್ಜಿರಬೇಕು; ನಮ್ಮದು ಹಾಗಿರಲಿಲ್ಲ. ಬುಷ್ಷಾದರೆ ಲೇತಿರುವ ಊರಿನಲ್ಲಿ ಕಡೆದುಕೊಟ್ಟಾರು.

ಹಾಗೆಂದು ರೋಲರು ಹೀನವಲ್ಲ. ಭಾರ ಹೊತ್ತು ಬಿಡುವಿಲ್ಲದೆ ತಿರುಗುವ ಎಡೆಯಲ್ಲಿ ಅದಕ್ಕೇ ಅಗ್ರಪೂಜೆ. ಬುಷ್ಷಿಗೂ ದೌರ್ಬಲ್ಯವುಂಟು, ಎಣ್ಣೆ ಆರಿದರೆ ಅದು ಶಾಫ್ಟಿಗೆ ಕಚ್ಚಿಕೊಳ್ಳುವುದು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನ ಹೊಸ ಬುಷ್ಷಿನೊಡನೆ ಹೊರಟೆವು. ಮೇಸ್ತ್ರಿ ಬಾಗಿಲ ಬಳಿ ಬಂದು, "ಕಾರಿನ ಪುಸ್ತಕದಲ್ಲಿ ಹೇಳಿರುವ ಎಣ್ಣೆಯನ್ನೇ ಹಾಕಿಸಿ. ಈಗಿನ ಕೆಲವು ಗೇರೆಣ್ಣೆಗಳಲ್ಲಿ ಗಂಧಕ ಹೆಚ್ಚು, ಅದು ಕಂಚನ್ನು ತಿನ್ನುತ್ತದೆ" ಎಂದು ಎಚ್ಚರಿಸಿದರು.

ಕಾವ್ಯದಲ್ಲಿ ಔಚಿತ್ಯವೇ ಪ್ರಾಣವೆಂದು ವರ್ಷವರ್ಷವೂ ಪಾಠ ಹೇಳುವವನು ನಾನು. ಯಾವ ಬಳೆ ಯಾವ ಕೈಗೆ ಎಂಬುದನ್ನು ಮಾತ್ರ ಆ ಎಣ್ಣೆಗೈಯ ಹಿರಿಯರಿಂದ ಕೇಳಿ ತಿಳಿಯಬೇಕಾಯಿತು. ಎರಡನೆಯ ಗೇರು ಮತ್ತೋಡಿನವರೆಗೂ ಜಾರಲಿಲ್ಲ.